ಪಾಸ್‌ವರ್ಡ್ ಸರಿಯಿದ್ದರೂ ತೆರೆಯದ ಕಡತ ಪೆಟ್ಟಿಗೆ

ಮೈಸೂರು: ನಗರದ ಹೆಬ್ಬಾಳ ಎಂದೊಡನೆ ನೆನಪಿಗೆ ಬರುವುದು ಇನ್ಫೋಸಿಸ್‌ನ ವಿಶಾಲ ಆವರಣ. ಆದರೆ ಅದೇ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಪ್ರತ್ಯೇಕ ಗಣಕ ವಿಭಾಗವಿಲ್ಲದ ಸಣ್ಣ ಘಟಕಗಳೂ ಇವೆ. ಇಂತಹ ಕಚೇರಿಗಳಲ್ಲಿ ನಕ್ಷೆ, ಬಿಲ್ಲು, ಲೆಕ್ಕಪತ್ರಗಳನ್ನು ಎಲ್ಲರೂ ಹಂಚಿಕೊಳ್ಳಲು ಬಳಸುವ ಸಾಧನವೇ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಸಂಕ್ಷಿಪ್ತವಾಗಿ ‘ನ್ಯಾಸ್’. ಮೂಲೆಯಲ್ಲಿ ಕುಳಿತು ಹತ್ತಾರು ವರ್ಷ ಸದ್ದಿಲ್ಲದೆ ದುಡಿಯುವ ಈ ಪೆಟ್ಟಿಗೆ, ಹೊಸ ಗಣಕಯಂತ್ರ ಬಂದ ದಿನವೇ ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದು ಬಾಗಿಲು ಮುಚ್ಚಿಬಿಡುವುದುಂಟು.

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರೊಂದಿಗೆ ಅನೇಕ ಕಚೇರಿಗಳು ವಿಂಡೋಸ್ 11ಕ್ಕೆ ಬದಲಾಗಬೇಕಾಯಿತು. ಹೀಗಾಗಿ ಹಳೆಯ ಪೆಟ್ಟಿಗೆ, ಹೊಸ ಯಂತ್ರಗಳ ನಡುವಿನ ಈ ತಕರಾರು ಹೆಚ್ಚು ಮುಖ್ಯವಾಗಿದೆ.

ಜಗಳವೇಕೆ?

ಗಣಕಯಂತ್ರ ಮತ್ತು ನ್ಯಾಸ್ ಪರಸ್ಪರ ಮಾತನಾಡುವ ಭಾಷೆಯ ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿದ ಈ ಭಾಷೆಯ ಮೊದಲ ಆವೃತ್ತಿಯನ್ನು ಮಾತ್ರ ಬಲ್ಲ ಸಾಧನಗಳು ಇಂದಿಗೂ ಬಳಕೆಯಲ್ಲಿವೆ. ವಿಂಡೋಸ್ ವಿಸ್ತಾದೊಂದಿಗೆ ಎರಡನೆಯ ಆವೃತ್ತಿ, ವಿಂಡೋಸ್ 8ರೊಂದಿಗೆ ಮೂರನೆಯ ಆವೃತ್ತಿ ಬಂದವು.

2017ರ ಮೇ 12ರಂದು ಹರಡಿದ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಮೊದಲ ಆವೃತ್ತಿಯ ದೋಷವೊಂದನ್ನೇ ಬಳಸಿಕೊಂಡು ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ಸ್ಥಗಿತಗೊಂಡಿತ್ತು. ಆ ದೋಷದ ಪರಿಹಾರವನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತಾದರೂ ಅಳವಡಿಸಿಕೊಳ್ಳದವರು ಬಲಿಯಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ, ಹೊಸದಾಗಿ ಸ್ಥಾಪಿಸುವ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಸಾಮಾನ್ಯವಾಗಿ ಇರುವುದಿಲ್ಲ. 2024ರ ವಿಂಡೋಸ್ 11 24ಎಚ್2 ಪರಿಷ್ಕರಣೆ ಇನ್ನೂ ಬಿಗಿಯಾಯಿತು. ಅದರ ಪ್ರೊ ಆವೃತ್ತಿ ಪಾಸ್‌ವರ್ಡ್ ಇಲ್ಲದ ‘ಅತಿಥಿ’ ಪ್ರವೇಶವನ್ನು ತಡೆಯುತ್ತದೆ; ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿಯನ್ನು ಕೇಳುತ್ತದೆ.

ದೋಷದ ಸಂಖ್ಯೆಯೇ ಸುಳಿವು

ಪಾಸ್‌ವರ್ಡ್ ಬದಲಿಸುವ ಮುನ್ನ ಪರದೆಯ ಮೇಲಿನ ಸಂಖ್ಯೆಯನ್ನು ಗಮನಿಸುವುದು ಒಳಿತು.

53: ಸಾಧನವೇ ಸಿಕ್ಕಿಲ್ಲ. ‘ನೆಟ್‌ವರ್ಕ್’ ಪಟ್ಟಿಯಲ್ಲಿ ಹೆಸರು ಮೂಡಲು ಹಿಂದೆ ಎಸ್‌ಎಂಬಿ 1 ಬೇಕಿತ್ತು. ಆದ್ದರಿಂದ ಹೆಸರಿನ ಬದಲು ನ್ಯಾಸ್‌ನ ಐಪಿ ವಿಳಾಸವನ್ನೇ ನೇರವಾಗಿ ಟೈಪ್ ಮಾಡಿ ನೋಡಬೇಕು.

1326: ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. ಗಣಕಯಂತ್ರವನ್ನು ತೆರೆಯುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯದು. ನ್ಯಾಸ್‌ನಲ್ಲಿ ನೋಂದಾಯಿಸಿದ ಹೆಸರೇ ಬೇಕು. ಸಾಧನದ ಹೆಸರು, ಬ್ಯಾಕ್‌ಸ್ಲ್ಯಾಶ್, ಬಳಕೆದಾರರ ಹೆಸರು ಎಂಬ ಕ್ರಮದಲ್ಲಿ ಬರೆದರೆ ಗೊಂದಲ ತಪ್ಪುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಉಳಿದ ಹಳೆಯ ಪಾಸ್‌ವರ್ಡನ್ನು ಅಳಿಸಬೇಕು. ತೀರಾ ಹಳೆಯ ಪೆಟ್ಟಿಗೆಗಳು ಪಾಸ್‌ವರ್ಡ್ ಪರಿಶೀಲನೆಯ ಹಳೆಯ ಕ್ರಮವನ್ನಷ್ಟೇ ಬಲ್ಲವಾದ್ದರಿಂದ ಸರಿಯಾದ ಪಾಸ್‌ವರ್ಡನ್ನೂ ನಿರಾಕರಿಸುವುದುಂಟು.

1219: ಒಂದೇ ಸಾಧನಕ್ಕೆ ಎರಡು ಹೆಸರಿನಲ್ಲಿ ಪ್ರವೇಶ ಕೋರಲಾಗಿದೆ. ಮೊದಲಿನ ಸಂಪರ್ಕವನ್ನು ಕಡಿದು ಮತ್ತೆ ಪ್ರಯತ್ನಿಸಬೇಕು.

1272: ಅತಿಥಿ ಪ್ರವೇಶಕ್ಕೆ ತಡೆ. ನ್ಯಾಸ್‌ನಲ್ಲಿ ಪ್ರತಿಯೊಬ್ಬ ಸಿಬ್ಬಂದಿಗೂ ಹೆಸರು, ಪಾಸ್‌ವರ್ಡ್ ಕೊಡುವುದೇ ಸರಿಯಾದ ಪರಿಹಾರ.

384: ಪೆಟ್ಟಿಗೆಗೆ ತಿಳಿದಿರುವುದು ಎಸ್‌ಎಂಬಿ 1 ಮಾತ್ರ.

ಸಹಿ ಅಮಾನ್ಯ ಎಂಬ ಸಂದೇಶ ಬಂದರೆ ನ್ಯಾಸ್‌ನ ವ್ಯವಸ್ಥಾಪನಾ ಪುಟದಲ್ಲಿ ಎಸ್‌ಎಂಬಿ ಸೈನಿಂಗ್ ಸೌಲಭ್ಯವನ್ನು ಚಾಲನೆಗೊಳಿಸಬೇಕು. ಅದೇ ಪುಟದಲ್ಲಿ ತಯಾರಕರ ಹೊಸ ತಂತ್ರಾಂಶ ಲಭ್ಯವಿದೆಯೇ, ಎಸ್‌ಎಂಬಿ 2 ಅಥವಾ 3 ಆಯ್ಕೆ ಇದೆಯೇ ಎಂದು ನೋಡಬೇಕು. ಎಷ್ಟೋ ಸಲ ಸಮಸ್ಯೆ ಇಲ್ಲಿಯೇ ಬಗೆಹರಿಯುತ್ತದೆ.

ಸುಲಭದ ದಾರಿಯ ಅಪಾಯ

ಇಷ್ಟಕ್ಕೂ ಬಗ್ಗದಿದ್ದರೆ ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಎಸ್‌ಎಂಬಿ 1ನ್ನು ಮರಳಿ ಚಾಲನೆಗೊಳಿಸುವ ಸಲಹೆ ಕೇಳಿಬರುತ್ತದೆ. ಐದು ನಿಮಿಷದ ಕೆಲಸ. ಆದರೆ ಅದನ್ನು ಕಚೇರಿಯ ಎಲ್ಲ ಯಂತ್ರಗಳಲ್ಲೂ ಮಾಡಿ ಮರೆತುಬಿಟ್ಟರೆ, ಮುಚ್ಚಿದ್ದ ಬಾಗಿಲನ್ನು ತಾವಾಗಿಯೇ ತೆರೆದಿಟ್ಟಂತೆ.

ಅನಿವಾರ್ಯವಾದಲ್ಲಿ ಅಂತರಜಾಲ ಸಂಪರ್ಕ ಕಡಿದ ಒಂದೇ ಯಂತ್ರದಲ್ಲಿ, ‘ಕ್ಲೈಂಟ್’ ಭಾಗವನ್ನು ಮಾತ್ರ ಚಾಲನೆಗೊಳಿಸಿ, ಕಡತಗಳನ್ನು ಬಾಹ್ಯ ಹಾರ್ಡ್ ಡಿಸ್ಕ್‌ಗೆ ನಕಲಿಸಿಕೊಂಡು, ಕೂಡಲೇ ನಿಲ್ಲಿಸಬೇಕು. ಪೆಟ್ಟಿಗೆಗೆ ಯುಎಸ್‌ಬಿ ಕಿಂಡಿಯಿದ್ದು ನೇರ ನಕಲಿನ ಸೌಲಭ್ಯವಿದ್ದರೆ ಇದರ ಅಗತ್ಯವೂ ಬೀಳದು. ನ್ಯಾಸ್‌ನ ಡಿಸ್ಕ್ ಕಳಚಿ ವಿಂಡೋಸ್ ಯಂತ್ರಕ್ಕೆ ಜೋಡಿಸಿದರೆ ‘ಫಾರ್ಮ್ಯಾಟ್ ಮಾಡಬೇಕೇ?’ ಎಂಬ ಪ್ರಶ್ನೆ ಬರಬಹುದು. ಸಾಮಾನ್ಯವಾಗಿ ಆ ಡಿಸ್ಕ್‌ಗಳು ಲಿನಕ್ಸ್ ವಿನ್ಯಾಸದಲ್ಲಿರುವುದೇ ಇದಕ್ಕೆ ಕಾರಣ. ಒಪ್ಪಿಗೆ ಕೊಟ್ಟರೆ ಕಡತಗಳು ಕೈತಪ್ಪುತ್ತವೆ.

ತಯಾರಕರ ಬೆಂಬಲ ನಿಂತ ಪೆಟ್ಟಿಗೆಯನ್ನು ಅಂತರಜಾಲಕ್ಕೆ ಜೋಡಿಸಿಡುವುದೂ ಅಪಾಯವೇ. 2015ರ ನಂತರ ತಂತ್ರಾಂಶ ಪರಿಷ್ಕರಣೆ ಕಾಣದ ವೆಸ್ಟರ್ನ್ ಡಿಜಿಟಲ್‌ನ ‘ಮೈ ಬುಕ್ ಲೈವ್’ ಸಾಧನಗಳ ಮೇಲೆ 2021ರ ಜೂನ್‌ನಲ್ಲಿ ದಾಳಿ ನಡೆದು, ಹಲವು ದೇಶಗಳ ಬಳಕೆದಾರರ ಕಡತಗಳು ಅಳಿಸಿಹೋದವು.

ಕಾನೂನಿನ ಹೊಣೆ

ಪೆಟ್ಟಿಗೆಯೊಳಗಿರುವುದು ಕೇವಲ ಹಳೆಯ ಕಾಗದವಲ್ಲ. 2013ರ ಕಂಪನಿ ಕಾಯ್ದೆಯಂತೆ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಕಾಪಾಡಬೇಕು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ವಿವರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಇರಿಸಿಕೊಳ್ಳಬೇಕು. ಅಧಿಕಾರಿಗಳು ಕೇಳಿದಾಗ ‘ಪೆಟ್ಟಿಗೆ ತೆರೆಯುತ್ತಿಲ್ಲ’ ಎಂಬುದು ಉತ್ತರವಾಗದು.

ಆದ್ದರಿಂದ ಹಳೆಯ ನ್ಯಾಸ್ ಒಮ್ಮೆ ತೆರೆದುಕೊಂಡಾಗ ಮಾಡಬೇಕಾದ ಮೊದಲ ಕೆಲಸ, ಎಂದಿನ ವಹಿವಾಟಿಗೆ ಮರಳುವುದಲ್ಲ. ಎರಡು ಕಡೆ ನಕಲು ತೆಗೆದಿಟ್ಟು, ಬೆಂಬಲವಿರುವ ಹೊಸ ಸಾಧನಕ್ಕೆ ಕಡತಗಳನ್ನು ಸಾಗಿಸುವುದು. ಮುಂದಿನ ಬಾರಿ ಅದು ತೆರೆದುಕೊಳ್ಳದೇ ಇರಬಹುದು.