ಕಾಯ್ದೆ ಬಂತು, ಕಂಪ್ಯೂಟರ್ ಬರಲಿಲ್ಲ
2014ರ ಜನಮತಗಣನೆಯಲ್ಲಿ ಸ್ಕಾಟ್ಲೆಂಡ್ ಬ್ರಿಟನ್ ಜೊತೆಗೇ ಉಳೀತು. ಆಮೇಲೆ ಬಂದ 2016ರ ಕಾಯ್ದೆ ಅಂಗವಿಕಲರ, ಮನೆಯಲ್ಲಿ ಅವರನ್ನ ನೋಡ್ಕೊಳ್ಳುವವರ ಭತ್ಯೆಗಳ ಹೊಣೆಯನ್ನು ಸ್ಕಾಟ್ಲೆಂಡ್ ಸರ್ಕಾರಕ್ಕೆ ಕೊಟ್ಟಿತು. ಆದ್ರೆ ಹೆಸರು, ಬ್ಯಾಂಕ್ ಖಾತೆ, ಲೆಕ್ಕ ಎಲ್ಲಾ ಇದ್ದಿದ್ದು ಲಂಡನ್ ಸರ್ಕಾರದ ಕಂಪ್ಯೂಟರ್‌ಗಳಲ್ಲಿ. ಒಂದು ವಾರ ಹಣ ತಪ್ಪಿದರೆ ಒಲೆ ಹೊತ್ತದ ಮನೆಗಳಿವು, ನೋಡಿ. ಹಾಗಾಗಿ ಸ್ವಾತಂತ್ರ್ಯದ ವಿಷಯಕ್ಕೆ ಕಿತ್ತಾಡುತ್ತಿದ್ದ ಎರಡೂ ಸರ್ಕಾರಗಳು ಇಲ್ಲಿ ರಾಜಿಯಾದವು: ಸ್ಕಾಟ್ಲೆಂಡ್ ಪರವಾಗಿ ಆರೈಕೆದಾರರ ಭತ್ಯೆಯನ್ನು ಲಂಡನ್ ಇಲಾಖೆಯೇ ಹಂಚುವುದು. ಮೊತ್ತ ಹೆಚ್ಚಿಸಬೇಕೆಂದಿದ್ದ ಸ್ಕಾಟ್ಲೆಂಡ್, 2018ರ ಸೆಪ್ಟೆಂಬರ್‌ನಿಂದ ತನ್ನ ಹೊಸ ಸಂಸ್ಥೆಯ ಮೂಲಕ ವರ್ಷಕ್ಕೆರಡು ಸಲ ಪ್ರತ್ಯೇಕವಾಗಿ ಹಣ ಹಾಕಿತು. ಮೊದಲ ಸಲ 221 ಪೌಂಡ್. ಒಬ್ಬರಿಗೇ ಎರಡು ಸರ್ಕಾರಗಳಿಂದ ಹಣ! ವಿಚಿತ್ರ ಏರ್ಪಾಡೇ, ಆದರೆ ನನ್ನ ಮಟ್ಟಿಗೆ ಜಾಣತನದ್ದು. ಸ್ಕಾಟ್ಲೆಂಡಿನದೇ ಆದ ಆರೈಕೆ ಭತ್ಯೆ ಶುರುವಾಗಿದ್ದು 2023ರ ನವೆಂಬರ್‌ನಲ್ಲಿ, ಅದೂ ಮೊದಲು ಮೂರೇ ಪ್ರದೇಶಗಳಲ್ಲಿ.