ರಕ್ತ ಹೆಪ್ಪುಗಟ್ಟುವಿಕೆ

ಗಾಯವಾದ ಕಡೆ ರಕ್ತ ಗಟ್ಟಿಯಾಗಿ ಸೋರಿಕೆ ನಿಲ್ಲುವ ಕ್ರಿಯೆ. ಇದು ಬೇಕಾದ ಜಾಗದಲ್ಲಿ, ಬೇಕಾದಷ್ಟೇ ನಡೆಯಬೇಕು. ಕಡಿಮೆಯಾದರೂ ಹೆಚ್ಚಾದರೂ ಪ್ರಾಣಕ್ಕೆ ಅಪಾಯ. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ವೈದ್ಯರು ಎರಡನ್ನೂ ನೋಡುತ್ತಾರೆ. ಕೊಳಕುಮಂಡಲ ಹಾವು ಕಚ್ಚಿದವರ ರಕ್ತ ಹೆಪ್ಪುಗಟ್ಟುವುದಿಲ್ಲ. ಹೃದಯಾಘಾತವಾದವರಲ್ಲಿ ಅದು ಹೆಪ್ಪುಗಟ್ಟಬಾರದ ಕಡೆ ಗಟ್ಟುತ್ತದೆ.

ರಕ್ತನಾಳ ಹರಿದೊಡನೆ ಅದು ಮೊದಲು ಸಂಕುಚಿಸುತ್ತದೆ. ಬಳಿಕ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಹರಿದ ಅಂಚಿಗೆ ಅಂಟಿಕೊಂಡು ತಾತ್ಕಾಲಿಕ ಬಿರಡೆ ಹಾಕುತ್ತವೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 1.5ರಿಂದ 4.5 ಲಕ್ಷ ಇರುತ್ತವೆ. ಡೆಂಗಿ ಜ್ವರದಲ್ಲಿ ಇಳಿಯುವುದು ಇವುಗಳ ಸಂಖ್ಯೆಯೇ. ಅಷ್ಟರಲ್ಲಿ ರಕ್ತದ್ರವದಲ್ಲಿರುವ, ರೋಮನ್ ಅಂಕಿಗಳಿಂದ ಗುರುತಿಸುವ 'ಫ್ಯಾಕ್ಟರ್'ಗಳು ಒಂದನ್ನೊಂದು ಎಬ್ಬಿಸುತ್ತಾ ಹೋಗಿ ಕೊನೆಗೆ ಥ್ರಾಂಬಿನ್ ಹುಟ್ಟುತ್ತದೆ. ಅದು ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಅನ್ನು ಫೈಬ್ರಿನ್ ಎಳೆಗಳಾಗಿಸುತ್ತದೆ. ಆ ಎಳೆಗಳ ಬಲೆಯೇ ಹೆಪ್ಪು. ಗಾಯ ಮಾಗಿದಂತೆ ಪ್ಲಾಸ್ಮಿನ್ ಎಂಬ ಕಿಣ್ವ ಈ ಬಲೆಯನ್ನು ಕರಗಿಸುತ್ತದೆ. ಹೆಚ್ಚಿನ ಫ್ಯಾಕ್ಟರ್‌ಗಳು ಯಕೃತ್ತಿನಲ್ಲಿ ತಯಾರಾಗುತ್ತವೆ, ಕೆಲವಕ್ಕೆ ವಿಟಮಿನ್ ಕೆ ಬೇಕು. ನವಜಾತ ಶಿಶುವಿಗೆ ಅದರ ಇಂಜೆಕ್ಷನ್ ಕೊಡುವುದು ಇದಕ್ಕಾಗಿ.

ಕೊಳಕುಮಂಡಲದ ವಿಷ ಈ ಸರಪಳಿಗೆ ನಡುವೆಯೇ ಕೈಹಾಕುತ್ತದೆ. ಐದನೆಯ ಮತ್ತು ಹತ್ತನೆಯ ಫ್ಯಾಕ್ಟರ್‌ಗಳನ್ನು ನೇರವಾಗಿ ಕೆರಳಿಸಿ, ಮೈಯೆಲ್ಲ ಸಣ್ಣಸಣ್ಣದಾಗಿ ಹೆಪ್ಪುಗಟ್ಟಿಸಿ, ಫೈಬ್ರಿನೋಜನ್ ದಾಸ್ತಾನನ್ನೇ ಬರಿದು ಮಾಡುತ್ತದೆ. ಆಮೇಲೆ ಒಸಡು, ಮೂತ್ರ, ಸೂಜಿ ಚುಚ್ಚಿದ ಜಾಗ, ಎಲ್ಲೆಂದರಲ್ಲಿ ರಕ್ತ ಒಸರುತ್ತದೆ. ಪತ್ತೆಗೆ ದುಬಾರಿ ಯಂತ್ರ ಬೇಕಿಲ್ಲ. ರೋಗಿಯ 2 ಮಿಲಿಲೀಟರ್ ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ವಾಲಿಸಿ ನೋಡುತ್ತಾರೆ. ರಕ್ತ ಇನ್ನೂ ಹರಿದರೆ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆಯಾಗಲಿ ಸೋಪಿನಲ್ಲಿ ತೊಳೆದದ್ದಾಗಲಿ ಆಗದು, ಫಲಿತಾಂಶ ಸುಳ್ಳಾಗುತ್ತದೆ. ಮದ್ದು ಒಂದೇ: ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ನಾಟಿಮದ್ದಿಗೆ ಅಲೆಯುವುದು ಕೇಡೇ ಹೊರತು ಉಪಕಾರವಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಕೊಳಕುಮಂಡಲದ ಇದೇ ವಿಷ ಒಮ್ಮೆ ಔಷಧಿಯೂ ಆಗಿತ್ತು. 1934ರಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಅದನ್ನು ಹಚ್ಚಿ ರಕ್ತಸ್ರಾವ ನಿಲ್ಲಿಸಿದರು. ಫ್ಯಾಕ್ಟರ್‌ಗಳ ಸರಪಳಿಯನ್ನು 1964ರಲ್ಲಿ ವಿವರಿಸಿದವರಲ್ಲೂ ಮ್ಯಾಕ್‌ಫರ್ಲೇನ್ ಒಬ್ಬರು.

ಹಿಮೋಫಿಲಿಯಾ ಹುಟ್ಟಿನಿಂದ ಬರುವ ಕೊರತೆ. ಎಂಟನೆಯ ಫ್ಯಾಕ್ಟರ್ ಕಡಿಮೆಯಿದ್ದರೆ ಎ, ಒಂಬತ್ತನೆಯದಾದರೆ ಬಿ. ದೋಷ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ತಾಯಿಯಿಂದ ಮಗನಿಗೆ ಬರುವುದೇ ಹೆಚ್ಚು. ಮೊಣಕಾಲು, ಮೊಣಕೈ ಕೀಲುಗಳೊಳಗೆ ರಕ್ತ ತುಂಬಿ ಮಕ್ಕಳು ಕುಂಟುವಂತಾಗುತ್ತದೆ. ರಾಜ್ಯದಲ್ಲಿ ಈ ರೋಗಿಗಳ ಪರ ಹೆಚ್ಚು ದುಡಿದವರು ದಾವಣಗೆರೆಯ ಡಾ. ಸುರೇಶ್ ಹನಗವಾಡಿ. ಸ್ವತಃ ಹಿಮೋಫಿಲಿಯಾ ಇರುವ ಅವರು ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ರೋಗವನ್ನೂ ಒಳಗೊಂಡಿದೆ.

ಇನ್ನೊಂದು ತುದಿ, ಬೇಡದ ಹೆಪ್ಪು. ಕಾಲಿನ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಮಿದುಳಿನಲ್ಲಿ ಕಟ್ಟಿದರೆ ಪಾರ್ಶ್ವವಾಯು, ಹೃದಯದ ಧಮನಿಯಲ್ಲಾದರೆ ಹೃದಯಾಘಾತ. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹಠಾತ್ ಸಾವು ವರದಿಯಾಗಿ ಜನ ಕಂಗಾಲಾದರು. ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, 20 ಹೃದಯ ಸಂಬಂಧಿ ಎಂದಿತು; ಕೋವಿಡ್ ಲಸಿಕೆಯೇ ಕಾರಣವೆಂಬ ಗುಮಾನಿಗೆ ಆಧಾರ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಆರೋಪಿಗಳೇ: ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಬೇಲೂರಿನಿಂದಲೂ ಅರಸೀಕೆರೆಯಿಂದಲೂ ಹಾಸನ ಸುಮಾರು 40 ಕಿಲೋಮೀಟರ್ ಇರುವಾಗ ಇದು ಸಣ್ಣ ಅನುಕೂಲವಲ್ಲ.

ಕಿರುಬಿಲ್ಲೆಗಳನ್ನು ತಡೆಯುವ ಆಸ್ಪಿರಿನ್, ಹೃದಯಾಘಾತದಲ್ಲಿ ವೈದ್ಯರು ಮೊದಲು ಕೊಡುವ ಮಾತ್ರೆಗಳಲ್ಲೊಂದು. ಹಾವು ಕಚ್ಚಿದವರಿಗೆ ನೋವಿಗೆಂದು ಅದನ್ನು ಕೊಡಲೇಬಾರದು.