ಕೋಣೆ ಆರಿಸಿದ ಹಾಡು

ಕರೋಕೆಯೂ ಜಪಾನಿ ಭಾಷೆಯ ರಾಕ್ ಸಂಗೀತವೂ ಹೆಚ್ಚುಕಡಿಮೆ ಓರಗೆಯವು. ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದ ದೈಸುಕೆ ಇನೊವೆ, 1971ರಲ್ಲಿ ಟೇಪ್ ಯಂತ್ರಕ್ಕೆ ಮೈಕು ಮತ್ತು ನಾಣ್ಯದ ಡಬ್ಬಿ ಜೋಡಿಸಿ ಅಂಥ 11 ಯಂತ್ರಗಳನ್ನು ಬಾಡಿಗೆಗೆ ಬಿಟ್ಟರು. ಟೋಕಿಯೋದ ಶಿಗೆಇಚಿ ನೆಗಿಶಿ ಇಂಥದ್ದೇ ಯಂತ್ರವನ್ನು 1967ರಲ್ಲೇ ಮಾಡಿದ್ದರು. ಇಬ್ಬರೂ ಪೇಟೆಂಟ್ ಪಡೆಯಲಿಲ್ಲ. ಅದೇ 1971ರಲ್ಲಿ ‘ಹ್ಯಾಪಿ ಎಂಡ್’ ಬ್ಯಾಂಡಿನ ‘ಕಜೆಮಾಚಿ ರೊಮಾನ್’ ಆಲ್ಬಂ ಹೊರಬಂತು. ರಾಕ್ ಎಂದ ಮೇಲೆ ಇಂಗ್ಲಿಷಿನಲ್ಲೇ ಹಾಡಬೇಕು ಎಂದು ರಾಕ್ ಗಾಯಕ ಯೂಯಾ ಉಚಿದಾ ಮೊದಲಾದವರು ವಾದಿಸುತ್ತಿದ್ದ ಕಾಲ ಅದು. ಜಪಾನಿಯಲ್ಲೂ ರಾಕ್ ಹಾಡಬಹುದು ಎಂಬುದಕ್ಕೆ ಆ ಆಲ್ಬಂ ಪುರಾವೆಯಾಯಿತು. ಹೀಗೆ ಯಂತ್ರವೂ ಹಾಡೂ ಒಂದೇ ವರ್ಷ ಸಿದ್ಧವಿದ್ದರೂ ಬ್ಯಾಂಡುಗಳ ಹಾಡು ಕರೋಕೆಯ ಮುಖ್ಯ ಸರಕಾಗಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು. ಈ ತಡವನ್ನು ಜನರ ಅಭಿರುಚಿಯ ಮೇಲೆ ಹೊರಿಸುವುದು ಸುಲಭ. ಆದರೆ ಯಾವ ಹಾಡನ್ನು ಹಾಡಬೇಕೆಂದು ತೀರ್ಮಾನಿಸಿದ್ದು ಅಭಿರುಚಿಗಿಂತ ಹೆಚ್ಚಾಗಿ ಹಾಡುವ ಜಾಗ ಎಂಬುದು ನನ್ನ ವಾದ.

ಮೊದಲ ದಶಕದ ಕರೋಕೆ ಇದ್ದದ್ದು ‘ಸುನಾಕ್ಕು’ ಎಂದು ಕರೆಯುವ ಪುಟ್ಟ ಬಾರುಗಳಲ್ಲಿ. ಕೆಲಸ ಮುಗಿಸಿ ಬಂದ ಕಂಪನಿ ನೌಕರರು, ಅವರ ಮೇಲಧಿಕಾರಿಗಳು, ಪಕ್ಕದ ಮೇಜಿನ ಅಪರಿಚಿತರು, ಎಲ್ಲರೂ ಒಂದೇ ಹಜಾರದಲ್ಲಿ. ಅಲ್ಲಿ ಹಾಡುವವರು ತಮಗೋಸ್ಕರ ಮಾತ್ರ ಹಾಡುವಂತಿರಲಿಲ್ಲ. ಕೇಳುವವರ ವಯಸ್ಸು, ಸ್ಥಾನ, ಸಹನೆ ಎಲ್ಲವನ್ನೂ ಲೆಕ್ಕ ಹಾಕಬೇಕಿತ್ತು. ಮೇಲಧಿಕಾರಿಗೆ ಗೊತ್ತಿರುವ, ‘ಎಂಕಾ’ ಎಂಬ ಭಾವುಕ ಧಾಟಿಯ ವಿರಹಗೀತೆಯೋ ಹಳೆಯ ಜನಪ್ರಿಯ ಹಾಡೋ ಅಲ್ಲಿ ಒಪ್ಪಿಗೆಯಾಗುತ್ತಿತ್ತು. ಟೇಪುಗಳಲ್ಲಿ ಹಿಡಿಸುವ ಹಾಡುಗಳೂ ಮಿತವಾದ್ದರಿಂದ, ಬಾರಿನ ಮಾಲೀಕರು ಎಲ್ಲರೂ ಬಲ್ಲ ಹಾಡುಗಳನ್ನೇ ತರಿಸುತ್ತಿದ್ದರು. 1982ರಲ್ಲಿ ಪಯೊನಿಯರ್ ಕಂಪನಿ ಲೇಸರ್ ಡಿಸ್ಕ್ ಕರೋಕೆ ತಂದ ಮೇಲೆ ಪರದೆಯಲ್ಲಿ ಚಿತ್ರವೂ ಸಾಹಿತ್ಯವೂ ಮೂಡಿದವು, ಆದರೆ ಪ್ರತಿ ಡಿಸ್ಕಿಗೂ ಚಿತ್ರೀಕರಣದ ಖರ್ಚು ಇತ್ತು. ಹೆಚ್ಚು ಓಡುವ ಹಾಡಿಗಷ್ಟೇ ಆ ಖರ್ಚು ಗಿಟ್ಟುತ್ತಿತ್ತು.

ಹಾಡುವ ಜಾಗದ ಮಹತ್ವವನ್ನು ಕಾನೂನೂ ಗುರುತಿಸಿತು. ಕ್ಯೂಶು ದ್ವೀಪದ ‘ಕ್ಲಬ್ ಕ್ಯಾಟ್ಸ್ ಐ’ ಎಂಬ ಬಾರಿನ ಪ್ರಕರಣದಲ್ಲಿ 1988ರ ಮಾರ್ಚ್‌ನಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗಿರಾಕಿ ಹಾಡುವುದು ಅಂಗಡಿಯ ಮೇಲ್ವಿಚಾರಣೆಯಲ್ಲಿ, ಅದರಿಂದ ಲಾಭವಾಗುವುದೂ ಅಂಗಡಿಗೆ. ಆದ್ದರಿಂದ ಕೃತಿಸ್ವಾಮ್ಯದ ದೃಷ್ಟಿಯಲ್ಲಿ ಹಾಡಿದವರು ಅಂಗಡಿಯವರೇ ಎಂಬುದು ಅದರ ಸಾರ. ಗೌರವಧನ ಯಾರು ಕಟ್ಟಬೇಕೆಂದು ತೀರ್ಮಾನಿಸಲು ಹೂಡಿದ ತರ್ಕ ಇದು. ಆದರೆ ಹಾಡುವವರ ಆಯ್ಕೆ ಅವರೊಬ್ಬರದೇ ಅಲ್ಲ ಎಂಬ ವಾಸ್ತವವನ್ನೂ ಅದು ಹಿಡಿದಿಟ್ಟಿದೆ.

ಆ ಹೊತ್ತಿಗಾಗಲೇ ಜಾಗ ಬದಲಾಗತೊಡಗಿತ್ತು. 1985ರ ಸುಮಾರಿಗೆ ಒಕಾಯಾಮಾ ಪ್ರಾಂತದಲ್ಲಿ ಸರಕು ಸಾಗಿಸುವ ಕಂಟೇನರನ್ನೇ ಕೋಣೆಯಾಗಿಸಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ‘ಕರೋಕೆ ಬಾಕ್ಸ್’ ಶುರುವಾಯಿತು. ಬಾಗಿಲು ಮುಚ್ಚಿದರೆ ಒಳಗಿರುವವರು ಗೆಳೆಯರು ಮಾತ್ರ. ಮದ್ಯ ಕುಡಿಯಲೇಬೇಕೆಂಬ ಒತ್ತಾಯವಿಲ್ಲವಾದ್ದರಿಂದ ಹೈಸ್ಕೂಲು ಹುಡುಗ ಹುಡುಗಿಯರೂ ಬರಬಹುದಿತ್ತು. 1992ರಲ್ಲಿ ಟೈಟೊ ಮತ್ತು ಬ್ರದರ್ ಕಂಪನಿಗಳು ದೂರವಾಣಿ ತಂತಿಯ ಮೂಲಕ ಹಾಡು ಕಳಿಸುವ ಕರೋಕೆ ತಂದಾಗ ಹಾಡುಗಳ ಮಿತಿಯೆಂಬ ಎರಡನೆಯ ಅಡ್ಡಿಯೂ ತೊಲಗಿತು. ತಂತಿಯಲ್ಲಿ ಹರಿದದ್ದು ಧ್ವನಿಮುದ್ರಣವಲ್ಲ, ಯಾವ ಸ್ವರವನ್ನು ಯಾವಾಗ ನುಡಿಸಬೇಕು ಎಂಬ ಮಿಡಿ ಸೂಚನೆಗಳು. ಅವು ಹಗುರವಾದ್ದರಿಂದ ಹೊಸ ಹಾಡು ಬೇಗ ಪಟ್ಟಿಗೆ ಸೇರುತ್ತಿತ್ತು. ಕೆಲವರಷ್ಟೇ ಬಲ್ಲ ಬ್ಯಾಂಡಿನ ಹಾಡಿಗೂ ಜಾಗ ಸಿಗುತ್ತಿತ್ತು.

ಕೋಣೆಯೊಳಗೆ ಆಯ್ಕೆಯ ಬೇರೆಯೇ ರೀತಿನೀತಿ ಬೆಳೆಯಿತು. ರಾಕ್ ಗಾಯಕರ ದನಿ ಸಾಮಾನ್ಯ ಕಂಠಕ್ಕೆ ಎಟುಕದಷ್ಟು ಮೇಲಿರುವುದುಂಟು; ಯಂತ್ರದ ಗುಂಡಿ ಒತ್ತಿ ಶ್ರುತಿ ಇಳಿಸಿಕೊಳ್ಳಬಹುದು. ಆದರೂ ಮೂಲ ಶ್ರುತಿಯಲ್ಲೇ ಹಾಡುವುದನ್ನು ಪಂತವೆಂದು ಭಾವಿಸುವವರು ಇದ್ದಾರೆ. ಗಿಟಾರ್ ಭಾಗ ಉದ್ದವಿರುವ ಹಾಡು ಆರಿಸಿದರೆ ಮೈಕು ಹಿಡಿದವರು ಏನು ಮಾಡಬೇಕೆಂದು ತೋಚದೆ ನಿಲ್ಲಬೇಕಾಗುತ್ತದೆ, ಉಳಿದವರ ಸರದಿಯೂ ತಡವಾಗುತ್ತದೆ. ‘ದಿ ಬ್ಲೂ ಹಾರ್ಟ್ಸ್’ನ ‘ಲಿಂಡಾ ಲಿಂಡಾ’ದಂಥ ಹಾಡಿಗೆ ಈ ತೊಡಕಿಲ್ಲ: ಪಲ್ಲವಿ ಬಂದಾಗ ಕೋಣೆಯಲ್ಲಿರುವವರೆಲ್ಲ ದನಿಗೂಡಿಸಬಹುದು. ಬಾರಿನಲ್ಲಿ ಗದ್ದಲವೆನಿಸಿದ್ದು ಕೋಣೆಯಲ್ಲಿ ಗುಣವಾಯಿತು.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಬ್ಯಾಂಡುಗಳ ಅಲೆಯೇ ಎದ್ದಿತ್ತು. 1989ರಿಂದ 1990ರವರೆಗೆ ಟಿಬಿಎಸ್ ವಾಹಿನಿಯಲ್ಲಿ ‘ಇಕಾತೆನ್’ ಎಂದು ಹೆಸರಾದ ಬ್ಯಾಂಡ್ ಸ್ಪರ್ಧೆ ನಡೆಯಿತು. ಮಹಿಳೆಯರ ಬ್ಯಾಂಡ್ ‘ಪ್ರಿನ್ಸೆಸ್ ಪ್ರಿನ್ಸೆಸ್’ನ ‘ಡೈಮಂಡ್ಸ್’ ಒರಿಕಾನ್ ಸಂಸ್ಥೆಯ 1989ರ ವಾರ್ಷಿಕ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಹಾಡು ಮನೆಮಾತಾದ ಮೇಲೆ ಕರೋಕೆಗೆ ಬರದೆ ಇನ್ನೇನು, ಇದರಲ್ಲಿ ಕೋಣೆಯ ಪಾತ್ರವೇನು ಎಂದು ಕೇಳಬಹುದು. ಅಲೆ ಹಾಡುಗಳನ್ನು ಒದಗಿಸಿತು ಎಂಬುದು ನಿಜ. ಆದರೆ 1960ರ ದಶಕದ ಕೊನೆಯಲ್ಲೂ ‘ದಿ ಟೈಗರ್ಸ್’, ‘ದಿ ಸ್ಪೈಡರ್ಸ್’ ಮೊದಲಾದ ಬ್ಯಾಂಡುಗಳ ಅಲೆ ಎದ್ದಿತ್ತು. ಕೆಲವೇ ವರ್ಷಗಳಲ್ಲಿ ಬಂದ ಕರೋಕೆ ಅವರ ಅಭಿಮಾನಿಗಳ ಆಟವಾಗಲಿಲ್ಲ, ಅವರ ತಂದೆಯರ ವಯಸ್ಸಿನವರ ಆಟವಾಯಿತು. ಎರಡನೆಯ ಅಲೆಯೂ ಕೆಲವೇ ವರ್ಷಗಳಲ್ಲಿ ಇಳಿಯಿತು. ಆದರೂ 1994ರಲ್ಲಿ ‘ಮಿಸ್ಟರ್ ಚಿಲ್ಡ್ರನ್’, 1995ರಲ್ಲಿ ‘ಸ್ಪಿಟ್ಜ್’ ಬ್ಯಾಂಡಿನ ಹಾಡುಗಳು ಲಕ್ಷಗಟ್ಟಲೆ ಮಾರಾಟವಾದವು. ಮನೆಯಲ್ಲಿ ಅಭ್ಯಾಸ ಮಾಡಲು ಅನುಕೂಲವಾಗಲೆಂದು ಸಿಂಗಲ್ ಸಿ.ಡಿ.ಗಳಲ್ಲೇ ಗಾಯನವಿಲ್ಲದ ಕರೋಕೆ ಆವೃತ್ತಿ ಸೇರಿಸುವುದು ಆ ಹೊತ್ತಿಗೆ ರೂಢಿಯಾಗಿತ್ತು. ಅಲೆ ಇಳಿದ ಮೇಲೂ ಹಾಡುವ ಚಟ ಉಳಿದದ್ದು ಕೋಣೆ ಉಳಿದದ್ದರಿಂದ.

ಎರಡನೆಯ ಆಕ್ಷೇಪ ಸಂಗೀತಪ್ರಿಯರದು. ನಾಲ್ವರು ಸೇರಿ ನುಡಿಸುವುದೇ ರಾಕ್; ಬ್ಯಾಂಡನ್ನೇ ತೆಗೆದು ಯಂತ್ರ ಕೂರಿಸಿದರೆ ಉಳಿಯುವುದು ರಾಗದ ಅಸ್ಥಿಪಂಜರ, ಮೇಲಾಗಿ ಹಾಡಲು ಸುಲಭವಾಗಲೆಂದು ಹಾಡುಗಳೇ ಸಪ್ಪೆಯಾಗುತ್ತವೆ ಎನ್ನುತ್ತಾರೆ. ಮೊದಲ ಅರ್ಧ ಒಪ್ಪತಕ್ಕದ್ದೇ. ಮಿಡಿ ನುಡಿಸುವ ಡ್ರಮ್ಮಿಗೆ ತೂಕವಿಲ್ಲ, ಕರೋಕೆಯಲ್ಲಿ ಗಾಯಕನಿಗೆ ಸಿಗುವ ಪಾಲು ಬೇಸ್ ನುಡಿಸುವವನಿಗೆ ಸಿಗುವುದಿಲ್ಲ. ಎರಡನೆಯ ಅರ್ಧ ನಿಲ್ಲುವುದಿಲ್ಲ. ಕಂಪ್ಯೂಟರಿನ ಕೃತಕ ಕಂಠಕ್ಕಾಗಿ ರಚಿಸಿದ, ಉಸಿರು ತೆಗೆದುಕೊಳ್ಳಲೂ ಬಿಡುವು ಕೊಡದ ವೇಗದ ‘ಸೆನ್‌ಬೊನ್‌ಜಕುರಾ’ 2011ರಲ್ಲಿ ಬಂದು ಕರೋಕೆಯ ಅಚ್ಚುಮೆಚ್ಚಾಯಿತು. ಕೇಳುವವರ ಮರ್ಜಿ ಕಾಯಬೇಕಿಲ್ಲದ ಕಡೆ ಜನ ಕಷ್ಟದ ಹಾಡನ್ನೂ ಬೇಕೆಂದೇ ಆರಿಸುತ್ತಾರೆ. ಒಬ್ಬರೇ ಹೋಗಿ ಹಾಡುವ ‘ಹಿತೊಕರ’ ಪದ್ಧತಿ ಬೆಳೆದದ್ದೂ ಇದೇ ಕಾರಣದಿಂದ: ಅಲ್ಲಿ ಒಂದೇ ಹಾಡನ್ನು ತಪ್ಪು ತಿದ್ದುತ್ತ ಎಷ್ಟು ಸಲ ಬೇಕಾದರೂ ಹಾಡಬಹುದು, ಬೇಸರಪಟ್ಟುಕೊಳ್ಳುವವರು ಯಾರೂ ಇಲ್ಲ.

ಆದ್ದರಿಂದ ಜಪಾನಿ ರಾಕ್ ಇತಿಹಾಸ ಬರೆಯುವವರು ಆಲ್ಬಮ್ಮುಗಳನ್ನೂ ಕಛೇರಿಗಳನ್ನೂ ಎಣಿಸಿದರೆ ಸಾಲದು. ಆ ಹಾಡುಗಳು ಗಿಟಾರು ಹಿಡಿಯದವರ ಬಾಯಿಗೂ ಬಂದದ್ದು ಬಾಡಿಗೆ ಕೋಣೆ ಮತ್ತು ದೂರವಾಣಿ ತಂತಿಗಳಿಂದ. ಅವುಗಳಿಗೂ ಆ ಇತಿಹಾಸದಲ್ಲಿ ಒಂದು ಅಧ್ಯಾಯ ಸಲ್ಲಬೇಕು.